ನೆಲಮಂಗಲ 61: ಕೆಡದ ವಿಳಾಸವೊಂದರ ಕತೆ

ಮಣ್ಣೆ ಗೊತ್ತಲ್ಲ? ನೆಲಮಂಗಲ ತಾಲೂಕಿನಲ್ಲಿ, ತ್ಯಾಮಗೊಂಡ್ಲಿಗೆ ಹತ್ತಿರದ ಊರು. ಈಗ ನೋಡಿದವರಿಗೆ ನಮ್ಮ ಬಯಲುಸೀಮೆಯ ಹತ್ತರ ಜೊತೆ ಹನ್ನೊಂದನೇ ಹಳ್ಳಿ ಅನ್ನಿಸಬಹುದು. ಆದರೆ ಎಂಟನೇ ಶತಮಾನದಲ್ಲಿ ಇದೇ ಮಾನ್ಯಪುರ, ಗಂಗರ ದೊರೆ ಶ್ರೀಪುರುಷನ ನೆಲೆವೀಡು. ಇಲ್ಲಿ ಸಿಕ್ಕ ಎರಡು ತಾಮ್ರಶಾಸನಗಳು ಕರ್ನಾಟಕದ ಇತಿಹಾಸ ಓದಿದವರಿಗೆಲ್ಲ ಪರಿಚಿತ. ಒಂದು ಕ್ರಿ.ಶ. 797ರದ್ದು, ಗಂಗ ಮಾರಸಿಂಹನದು. ಇನ್ನೊಂದು 802ರದ್ದು, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಐದಾರು ವರ್ಷದಲ್ಲಿ ಈ ಸೀಮೆಯ ಯಜಮಾನಿಕೆ ಯಾರ ಕೈಯಿಂದ ಯಾರ ಕೈಗೆ ದಾಟಿತು ಅಂತ ಗೊತ್ತಾಗುತ್ತದೆ.

ಆದರೆ ಈಗ ನಾನು ಹೇಳಹೊರಟಿರುವುದು ಗಂಗರ ಕತೆಯಲ್ಲ, ಆ ಶಾಸನಗಳ ವಿಳಾಸದ ಕತೆ. ಸಂಶೋಧಕರು ಇವನ್ನು 'ನೆಲಮಂಗಲ 60', 'ನೆಲಮಂಗಲ 61' ಅಂತ ಕರೆಯುತ್ತಾರೆ. ಯಾವ ಪುಸ್ತಕದ ಅಡಿಟಿಪ್ಪಣಿಯಲ್ಲಿ ಈ ಹೆಸರು ಕಂಡರೂ ಸಾಕು, ಗ್ರಂಥಾಲಯಕ್ಕೆ ಹೋಗಿ ಒಂದು ಸಂಪುಟ ತೆಗೆದರೆ ಶಾಸನದ ಪಾಠ ನಿಮ್ಮ ಕಣ್ಣೆದುರಿಗೆ. ಈ ವಿಳಾಸ ಹುಟ್ಟಿದ್ದು 1905ರಲ್ಲಿ. ನೂರಿಪ್ಪತ್ತು ವರ್ಷ ಕಳೆದರೂ ಕೆಟ್ಟಿಲ್ಲ. ಹತ್ತು ವರ್ಷದ ಹಿಂದೆ ನೀವು ಉಳಿಸಿಟ್ಟುಕೊಂಡ ಅಂತರ್ಜಾಲದ ಕೊಂಡಿಗಳನ್ನು ಈಗ ಒಂದೊಂದಾಗಿ ಒತ್ತಿ ನೋಡಿ, ಎಷ್ಟು ತೆರೆದುಕೊಳ್ಳುತ್ತವೆ?

ಡಿಜಿಟಲ್ ಗ್ರಂಥಾಲಯಗಳ ಇತಿಹಾಸ ಅಂದಕೂಡಲೇ ಅಮೆರಿಕಾ, ಯುರೋಪು ಅಂತ ಶುರುಮಾಡುವುದು ರೂಢಿ. ಈ ಇತಿಹಾಸದ ಒಂದು ದೊಡ್ಡ ತುಂಡು ನಮ್ಮ ಬೆಂಗಳೂರು, ಮೈಸೂರುಗಳಲ್ಲೇ ನಡೆದಿದೆ. ಅದಕ್ಕಿಂತ ಮುಖ್ಯವಾಗಿ, ಇದರಲ್ಲಿ ಗೆದ್ದದ್ದು ಯಾಕೆ, ಸೋತದ್ದು ಯಾಕೆ ಅನ್ನುವುದಕ್ಕೆ ಉತ್ತರವೂ ಇಲ್ಲೇ ಇದೆ.

ಅಕ್ಕಿಪೇಟೆ ಗೊತ್ತಿದ್ದ ದೊರೆ

ಬೆಂಜಮಿನ್ ಲೂಯಿ ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಮಗ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದು, ಆಮೇಲೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾದರು. ಊರೂರು ತಿರುಗಿ ಶಾಸನಗಳ ಪಡಿಯಚ್ಚು ತೆಗೆಸಿದರು. ಪಡಿಯಚ್ಚು ಅಂದರೆ ಬೇರೇನಲ್ಲ: ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿನೊಳಗೆ ಕಾಗದ ಕೂರುವಂತೆ ಮಾಡಿ, ಮೇಲೆ ಮಸಿ ಹಚ್ಚುವುದು. ತಗ್ಗು ಬೆಳ್ಳಗೆ ಉಳಿಯುತ್ತದೆ, ಉಳಿದದ್ದೆಲ್ಲ ಕಪ್ಪು. ಈಗಿನ ಸ್ಕ್ಯಾನರಿನ ಅಜ್ಜ ಅನ್ನಿ!

ಹೀಗೆ ಸುಮಾರು ಒಂಬತ್ತು ಸಾವಿರ ಶಾಸನಗಳು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು. ಮೊದಲನೆಯದು, ಕೊಡಗಿನದು, 1886ರಲ್ಲಿ ಬಂತು. ನಮ್ಮದು ಒಂಬತ್ತನೇ ಸಂಪುಟ, ಬೆಂಗಳೂರು ಜಿಲ್ಲೆಯ ಶಾಸನಗಳು, 1905. ಬೆಂಗಳೂರು, ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ಆನೇಕಲ್ಲು, ಕಾನಕಾನಹಳ್ಳಿ (ಈಗಿನ ಕನಕಪುರ), ಚನ್ನಪಟ್ಟಣ, ಈ ಎಲ್ಲ ತಾಲೂಕುಗಳೂ ಅದರಲ್ಲಿವೆ.

ರೈಸ್ ಇಲ್ಲಿ ಮೂರು ಕೆಲಸ ಮಾಡಿದರು. ಆ ಕಾಲಕ್ಕೆ ಅವು ಸಾಮಾನ್ಯ ಅನ್ನಿಸಿರಬಹುದು, ಈಗ ನೋಡಿದರೆ ಅವೇ ಎಲ್ಲಕ್ಕಿಂತ ದೊಡ್ಡವು.

ಒಂದು, ಪ್ರತಿ ಶಾಸನಕ್ಕೂ ತಾಲೂಕಿನ ಹೆಸರಿನ ಜೊತೆ ಒಂದು ಸಂಖ್ಯೆ ಕೊಟ್ಟರು. ಎರಡು, ಶಾಸನದ ಪಾಠವನ್ನು ರೋಮನ್ ಲಿಪಿಯಲ್ಲೂ ಅಚ್ಚು ಹಾಕಿಸಿದರು, ಕನ್ನಡ ಲಿಪಿಯಲ್ಲೂ ಅಚ್ಚು ಹಾಕಿಸಿದರು. ಜರ್ಮನಿಯ ಪಂಡಿತನಿಗೂ ದಾರಿ, ದೊಡ್ಡಬಳ್ಳಾಪುರದ ಮೇಷ್ಟ್ರಿಗೂ ದಾರಿ. ಮೂರು, ಪುಸ್ತಕ ಅಚ್ಚಾದ್ದರಿಂದ ಅದರ ಪ್ರತಿಗಳು ಮೈಸೂರು, ಮದರಾಸು, ಲಂಡನ್ನು ಅಂತ ಹತ್ತಾರು ಕಡೆ ಹೋಗಿ ಕುಳಿತವು. ಒಂದು ಕಡೆ ಗೆದ್ದಲು ತಿಂದರೂ ಇನ್ನೊಂದು ಕಡೆ ಉಳಿಯಿತು.

ನಂಬರು, ಸ್ವಂತ ಲಿಪಿಯ ಹೆಸರು, ಒಂದಕ್ಕಿಂತ ಹೆಚ್ಚು ಪ್ರತಿ. ಈ ಮೂರನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಯಾವ ಡಿಜಿಟಲ್ ಭಂಡಾರವನ್ನು ಬೇಕಾದರೂ ಈ ಮೂರರಿಂದ ತೂಗಿ ನೋಡಬಹುದು.

ಗಣಿತದ ಮೇಷ್ಟ್ರು ಬೆಂಗಳೂರಿಗೆ ಬಂದರು

ಪುಸ್ತಕ ಇರುವುದು ಬೇರೆ, ಬೇಕಾದವನಿಗೆ ಸಿಗುವುದು ಬೇರೆ. ಈ ವ್ಯತ್ಯಾಸವನ್ನೇ ಒಂದು ಶಾಸ್ತ್ರ ಮಾಡಿದವರು ಎಸ್.ಆರ್. ರಂಗನಾಥನ್. ಮದರಾಸಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ಡಿಆರ್‌ಟಿಸಿ, ಅಂದರೆ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕೋಲನ್ ವರ್ಗೀಕರಣದ ತಿರುಳು ಸುಲಭ. ಒಂದು ಪುಸ್ತಕವನ್ನು ಒಂದೇ ಗೂಡಿಗೆ ತುರುಕಬೇಡ, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸು: ಯಾವ ವಸ್ತು, ಯಾವ ಕ್ರಿಯೆ, ಯಾವ ಜಾಗ, ಯಾವ ಕಾಲ. 'ಹೊಸಕೋಟೆ ತಾಲೂಕಿನ ಕೆರೆಗಳ ನಿರ್ವಹಣೆ, ವಿಜಯನಗರ ಕಾಲದಲ್ಲಿ' ಅನ್ನುವ ಪುಸ್ತಕ ಕೆರೆ ಅಂತ ಹುಡುಕಿದವನಿಗೂ ಸಿಗಬೇಕು, ಹೊಸಕೋಟೆ ಅಂತ ಹುಡುಕಿದವನಿಗೂ ಸಿಗಬೇಕು. ಈಗ ಯಾವುದಾದರೂ ಅಂಗಡಿಯ ತಾಣದಲ್ಲಿ ಬಣ್ಣ, ಬೆಲೆ, ಅಳತೆ ಅಂತ ಎಡಗಡೆ ಟಿಕ್ ಮಾಡಿ ಸೋಸುತ್ತೀರಲ್ಲ, ಅದರ ಹಿಂದಿರುವುದೂ ಇದೇ ಯೋಚನೆ. ಆ ಯೋಚನೆ ಗಣಕ ಬರುವ ಮುಂಚೆಯೇ ನಮ್ಮಲ್ಲಿ ಇತ್ತು ಅನ್ನುವುದು ಮುಖ್ಯ. ಮುಂದೆ ಡಿಸ್ಪೇಸ್, ಗ್ರೀನ್‌ಸ್ಟೋನ್ ಮುಂತಾದ ಸ್ವತಂತ್ರ ತಂತ್ರಾಂಶಗಳು ಬಂದಾಗ ಅವನ್ನು ನಮ್ಮ ದೇಶದ ಗ್ರಂಥಪಾಲಕರಿಗೆ ಕಲಿಸಿದ ಜಾಗಗಳಲ್ಲಿ ಇದೇ ಡಿಆರ್‌ಟಿಸಿಯೂ ಒಂದು.

ಟಾಟಾ ಇನ್ಸ್ಟಿಟ್ಯೂಟಿನ ಪ್ರಬಂಧಗಳು

1991ರಲ್ಲಿ ಅಮೆರಿಕಾದ ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ ಒಂದು ಏರ್ಪಾಡು ಮಾಡಿದರು. ಪತ್ರಿಕೆಯಲ್ಲಿ ಅಚ್ಚಾಗುವ ಮುಂಚೆಯೇ ಲೇಖನವನ್ನು ಎಲ್ಲರೂ ಓದುವಂತೆ ಒಂದು ಗಣಕದಲ್ಲಿ ಹಾಕಿಡುವುದು. ಅದೇ ಈಗಿನ ಆರ್ಕೈವ್. ವಿಜ್ಞಾನಿಗಳ ಕಷ್ಟ ಏನಂದರೆ, ಸಂಶೋಧನೆ ಮಾಡುವವರು ಅವರೇ, ಬರೆಯುವವರು ಅವರೇ, ತಪ್ಪು ಒಪ್ಪು ನೋಡಿಕೊಡುವವರೂ ಅವರೇ. ಕೊನೆಗೆ ಅದೇ ಲೇಖನ ಓದಲು ಅವರ ಗ್ರಂಥಾಲಯವೇ ಪ್ರಕಾಶಕರಿಗೆ ದುಡ್ಡು ಕಟ್ಟಬೇಕು! ರಾಗಿ ಬೆಳೆದವನೇ ಮುದ್ದೆ ಕೊಂಡು ಉಂಡ ಹಾಗೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಸಾಂಸ್ಥಿಕ ಭಂಡಾರಗಳು. ಒಂದು ಸಂಸ್ಥೆಯ ವಿಜ್ಞಾನಿಗಳು ಬರೆದದ್ದನ್ನೆಲ್ಲ ಆ ಸಂಸ್ಥೆಯೇ ತನ್ನ ತಾಣದಲ್ಲಿಟ್ಟು ಲೋಕಕ್ಕೆ ತೆರೆದಿಡುವುದು. ಭಾರತದಲ್ಲಿ ಇದನ್ನು ಮೊದಲು ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್ಸ್ಟಿಟ್ಯೂಟು. 2002ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದ ಟಿ.ಬಿ. ರಾಜಶೇಖರ್ ಮತ್ತು ಅವರ ಸಂಗಡಿಗರು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಇ-ಪ್ರಿಂಟ್ಸ್ ತಂತ್ರಾಂಶ ಬಳಸಿ ಈ ಭಂಡಾರ ಕಟ್ಟಿದರು. ರಾಜಶೇಖರ್ 2005ರಲ್ಲಿ ತೀರಿಹೋದರು. ಅವರು ನೆಟ್ಟ ಗಿಡ ಇನ್ನೂ ಇದೆ.

ಇಂಥ ಭಂಡಾರದೊಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಚುಟುಕಾಗಿ ಹೇಳುತ್ತೇನೆ. ಪ್ರತಿ ಲೇಖನದ ಜೊತೆ ಒಂದು ಚೀಟಿ ಇರುತ್ತದೆ: ಲೇಖಕ, ಶೀರ್ಷಿಕೆ, ವರ್ಷ, ವಿಷಯ, ಭಾಷೆ. ಇದಕ್ಕೆ ಮೆಟಾಡೇಟಾ ಅಂತ ಹೆಸರು. 2001ರಲ್ಲಿ ಒಂದು ಒಪ್ಪಂದ ಬಂತು, ಎಲ್ಲ ಭಂಡಾರಗಳೂ ಈ ಚೀಟಿಗಳನ್ನು ಒಂದೇ ಬಗೆಯಲ್ಲಿ ಹೊರಗೆ ಕೊಡಬೇಕು ಅಂತ. ಹಾಗೆ ಕೊಟ್ಟರೆ ಬೇರೊಂದು ಯಂತ್ರ ಬಂದು ಕಟಾವು ಮಾಡಿಕೊಂಡು ಹೋಗಿ ಎಲ್ಲ ಊರಿನ ಚೀಟಿಗಳನ್ನೂ ಒಂದೇ ಕಣದಲ್ಲಿ ರಾಶಿ ಹಾಕುತ್ತದೆ. ಓದುಗ ಒಂದೇ ಕಡೆ ಹುಡುಕಿದರೆ ಸಾಕು. ಜೊತೆಗೆ ಡಿಸ್ಪೇಸ್‌ನಂಥ ತಂತ್ರಾಂಶಗಳು ಪ್ರತಿ ದಾಖಲೆಗೂ 'ಹ್ಯಾಂಡಲ್' ಎಂಬ ಕಾಯಂ ನಂಬರು ಕೊಡುತ್ತವೆ. ತಾಣದ ವಿಳಾಸ ಬದಲಾದರೂ ಆ ನಂಬರು ಬದಲಾಗಬಾರದು ಅನ್ನುವುದು ಉದ್ದೇಶ. ರೈಸ್ ಸಾಹೇಬರ ನೆಲಮಂಗಲ 61 ಇದರ ಹಿರಿಯಣ್ಣ ಅಲ್ಲವೇ?

ಆದರೆ ಈ ಭಂಡಾರದಲ್ಲಿದ್ದದ್ದು ಇಂಗ್ಲಿಷಿನ ವಿಜ್ಞಾನ. ಕನ್ನಡದ ಕತೆ ಏನಾಯಿತು?

ಮೈಸೂರಿನ ವಿದ್ಯಾನಿಧಿ

ಸುಮಾರು ಅದೇ ಹೊತ್ತಿಗೆ, 2000ದಲ್ಲಿ, ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಶಾಲಿನಿ ಅರಸ್ ಅವರ ನೇತೃತ್ವದಲ್ಲಿ 'ವಿದ್ಯಾನಿಧಿ' ಎಂಬ ಯೋಜನೆ ಶುರುವಾಯಿತು. ಭಾರತದ ಪಿಎಚ್‌ಡಿ ಪ್ರಬಂಧಗಳ ಡಿಜಿಟಲ್ ಗ್ರಂಥಾಲಯ ಅದು. ಪಿಎಚ್‌ಡಿ ಪ್ರಬಂಧದ ಹಣೆಬರಹ ನಿಮಗೆ ಗೊತ್ತೇ ಇದೆ. ಮೂರು ನಾಲ್ಕು ಪ್ರತಿ ಬೈಂಡು ಮಾಡಿಸಿ, ಒಂದು ಮಾರ್ಗದರ್ಶಕರಿಗೆ, ಒಂದು ವಿಭಾಗಕ್ಕೆ, ಒಂದು ಗ್ರಂಥಾಲಯದ ಬೀರುವಿಗೆ. ಐದು ವರ್ಷದ ಬೆವರು ಅಲ್ಲಿಗೆ ಧೂಳು ತಿನ್ನುತ್ತ ಕೂರುತ್ತದೆ. ಪಕ್ಕದ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದ ಮೇಲೆ ಮತ್ತೊಬ್ಬರು ಮೊದಲಿನಿಂದ ಶುರುಮಾಡುತ್ತಾರೆ.

ವಿದ್ಯಾನಿಧಿಯ ಹೆಚ್ಚುಗಾರಿಕೆ ಬರೀ ಸಂಗ್ರಹದಲ್ಲಿ ಇರಲಿಲ್ಲ. ಕನ್ನಡ, ಹಿಂದಿ ಪ್ರಬಂಧಗಳ ವಿವರವನ್ನು ಅದರದರ ಲಿಪಿಯಲ್ಲೇ, ಯೂನಿಕೋಡಿನಲ್ಲಿ ಇಡಬೇಕು ಅಂತ ಅವರು ತೀರ್ಮಾನಿಸಿದರು. 2002ರಲ್ಲೇ ಇದರ ಅನುಭವವನ್ನು ಪ್ರಬಂಧವಾಗಿ ಮಂಡಿಸಿದರು. ಆ ವರ್ಷ ಜ್ಞಾಪಕಕ್ಕೆ ತಂದುಕೊಳ್ಳಿ. ವಿಂಡೋಸ್ ಎಕ್ಸ್‌ಪಿ ಬಂದು ಒಂದು ವರ್ಷವಾಗಿತ್ತಷ್ಟೆ, ಅದರ ಜೊತೆ ಬಂದ 'ತುಂಗಾ' ಫಾಂಟಿನಲ್ಲಿ ಕನ್ನಡ ಮೂಡಿದ್ದನ್ನೇ ಜನ ಬೆರಗಿನಿಂದ ನೋಡುತ್ತಿದ್ದರು. ಬಹುಪಾಲು ಕನ್ನಡ ಬರಹ ಆಗ ಬರಹ, ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿತ್ತು. ಆ ಫಾಂಟುಗಳಲ್ಲಿ ಗಣಕದೊಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತ, ತೆರೆಯ ಮೇಲೆ ಕಾಣುವುದು ಮಾತ್ರ ಕನ್ನಡದ ವೇಷ. ಫಾಂಟು ತೆಗೆದರೆ ವೇಷ ಕಳಚಿ ಬೀಳುತ್ತದೆ. ಹುಡುಕಾಟದ ಯಂತ್ರಕ್ಕೆ ಅದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ.

ಯೂನಿಕೋಡಿನದೂ ಒಂದು ತಮಾಷೆ ಇದೆ, ಶಾಸನದ ಕತೆಗೆ ಅದು ಬೇಕು. ಹಳಗನ್ನಡದಲ್ಲಿ ಱ (ಶಕಟರೇಫ), ೞ (ರಳ) ಎಂಬ ಎರಡು ಅಕ್ಷರಗಳಿದ್ದವಲ್ಲ, ಗಂಗರ ಕಾಲದ ಕನ್ನಡ ಶಾಸನಗಳಿಗೆ ಇವಿಲ್ಲದೆ ಆಗುವುದಿಲ್ಲ. ಯೂನಿಕೋಡಿನಲ್ಲಿ ಎರಡಕ್ಕೂ ಜಾಗ ಇದೆ. ಆದರೆ ೞ ಅಕ್ಷರವನ್ನು ಪಟ್ಟಿಗೆ ಸೇರಿಸಿದವರು ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ಏನು ಗೊತ್ತೇ? 'ಕನ್ನಡ ಅಕ್ಷರ ಫ'! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಅನ್ನುವುದು ಯೂನಿಕೋಡಿನ ಕಟ್ಟುನಿಟ್ಟು. ಹಾಗಾಗಿ ತಪ್ಪು ಹೆಸರು ಹಾಗೇ ಇದೆ, ಪಕ್ಕದಲ್ಲಿ ಸರಿಯಾದ ಇನ್ನೊಂದು ಹೆಸರು ಸೇರಿಸಿದ್ದಾರೆ. ನಗು ಬಂದರೂ ಈ ಹಠ ಒಳ್ಳೆಯದೇ. ಹೆಸರು ತಪ್ಪಾಗಿದ್ದರೂ ಅಕ್ಷರದ ಸಂಕೇತ ಅಲುಗಾಡಿಲ್ಲ, ಅದರಲ್ಲಿ ಬರೆದಿಟ್ಟದ್ದು ಮುಂದೆಯೂ ಓದಲು ಬರುತ್ತದೆ.

ವಿದ್ಯಾನಿಧಿ ತೋರಿಸಿದ ದಾರಿಯಲ್ಲಿ ಆಮೇಲೆ ದೇಶವೇ ನಡೆಯಿತು. 2009ರ ಯುಜಿಸಿ ನಿಯಮ ಪಿಎಚ್‌ಡಿ ಪ್ರಬಂಧಗಳ ಡಿಜಿಟಲ್ ಪ್ರತಿ ಒಪ್ಪಿಸುವುದನ್ನು ಕಡ್ಡಾಯ ಮಾಡಿತು. ಇನ್‌ಫ್ಲಿಬ್‌ನೆಟ್ ನಡೆಸುವ 'ಶೋಧಗಂಗಾ'ದಲ್ಲಿ ಈಗ ಲಕ್ಷಗಟ್ಟಲೆ ಪ್ರಬಂಧಗಳಿವೆ, ಕನ್ನಡದವೂ ಸಾಕಷ್ಟಿವೆ. ಆದರೆ ಅವುಗಳಲ್ಲಿ ಅನೇಕವು ಹಳೆಯ ಫಾಂಟಿನ ಪಿಡಿಎಫ್‌ಗಳು, ಇಲ್ಲವೇ ಪುಟದ ಫೋಟೋಗಳು. ಕಣ್ಣಿಗೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂತೆ ನೆರೆಯುತ್ತದೆ.

ಹತ್ತು ಲಕ್ಷ ಪುಸ್ತಕದ ಕನಸು

ಈಗ ದೊಡ್ಡ ಕತೆಗೆ ಬರೋಣ. ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ (ಇವರು ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯವರು) ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪುಕ್ಕಟೆಯಾಗಿ ಲೋಕಕ್ಕೆ ಕೊಡುವ ಯೋಜನೆ ಹಾಕಿದರು. ಭಾರತದಲ್ಲಿ ಇದರ ಹೊಣೆ ಹೊತ್ತವರಲ್ಲಿ ಮುಖ್ಯರು ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್. 2003ರ ಸೆಪ್ಟೆಂಬರ್ 8ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ತಾಣವನ್ನು ಉದ್ಘಾಟಿಸಿದರು. ಚೀನಾ, ಈಜಿಪ್ಟುಗಳೂ ಸೇರಿ ಜಗತ್ತಿನಾದ್ಯಂತ 2007ರ ಹೊತ್ತಿಗೆ ಹದಿನೈದು ಲಕ್ಷ ಪುಸ್ತಕ ದಾಟಿತು.

ಕನ್ನಡಿಗರಿಗೆ ಇದು ನಿಜಕ್ಕೂ ನಿಧಿ. ಮರುಮುದ್ರಣವೇ ಆಗದ ಕಾದಂಬರಿಗಳು, ಹಳೆಯ ಪಠ್ಯಪುಸ್ತಕಗಳು, ಎಪಿಗ್ರಾಫಿಯಾ ಸಂಪುಟಗಳು ಎಲ್ಲ ಇದ್ದವು. ಬಹಳಷ್ಟು ಕನ್ನಡ ಪುಸ್ತಕಗಳ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಮೊಹರು! ಇದರಲ್ಲಿ ಅಚ್ಚರಿಯಿಲ್ಲ. ಬೀದರ್, ಗುಲ್ಬರ್ಗ, ರಾಯಚೂರುಗಳು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಿಂದ ಆ ಊರಿಗೂ ಕನ್ನಡಕ್ಕೂ ನಂಟು ಇದೆ.

ನಿಧಿಯೇನೋ ಇತ್ತು, ಬೀಗದ ಕೈ ಇರಲಿಲ್ಲ. ಪುಟಗಳು ಒಂದೊಂದೇ ಟಿಫ್ ಚಿತ್ರವಾಗಿ ಬಿಡಿಬಿಡಿಯಾಗಿ ತೆರೆಯುತ್ತಿದ್ದವು. ಅದಕ್ಕಿಂತ ಕಷ್ಟದ್ದು, ಹೆಸರು. ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಲಿಪಿಯಲ್ಲಿ, ಬೆರಳಚ್ಚು ಮಾಡಿದವರಿಗೆ ತೋಚಿದ ಸ್ಪೆಲ್ಲಿಂಗಿನಲ್ಲಿ ನಮೂದಿಸಲಾಗಿತ್ತು. ದೀರ್ಘ ಹ್ರಸ್ವ, ಅಲ್ಪಪ್ರಾಣ ಮಹಾಪ್ರಾಣ, ನ-ಣ, ಲ-ಳ ಯಾವ ಭೇದವೂ ಇಲ್ಲದ ಆ ಬರವಣಿಗೆಯಲ್ಲಿ ಹಳೆ, ಹಾಳೆ ಎರಡೂ ಒಂದೇ. ಮನೆ, ಮಣೆ, ಮಾನೆ ಮೂರೂ ಒಂದೇ. ಮಣ್ಣೆಯ ಬಗ್ಗೆ ಹುಡುಕಹೊರಟವನು ಗೃಹನಿರ್ಮಾಣದ ಪುಸ್ತಕಕ್ಕೆ ಹೋಗಿ ನಿಂತರೂ ಆಶ್ಚರ್ಯವಿಲ್ಲ. 1905ರಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ರೈಸ್ ಎರಡು ಲಿಪಿಯಲ್ಲಿ ಕೊಟ್ಟಿದ್ದರು. ನೂರು ವರ್ಷದ ಮೇಲೆ, ಗಣಕ ಬಂದಮೇಲೆ, ಒಂದೇ ಲಿಪಿ, ಅದೂ ನಮ್ಮದಲ್ಲದ್ದು!

ಕೈ ಕಟ್ಟಿ ಕೂರದ ಕೆಲವರು ಇದಕ್ಕೆ ಮದ್ದು ಹುಡುಕಿದರು. 2013-14ರ ಸುಮಾರಿಗೆ ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ ಈ ಭಂಡಾರದ ಮತ್ತು ಉಸ್ಮಾನಿಯಾ ಭಂಡಾರದ ಕನ್ನಡ ಪುಸ್ತಕಗಳ ಪಟ್ಟಿ ಎತ್ತಿಕೊಂಡು, ಹೆಸರುಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ಸ್ವಯಂಸೇವಕರ ಮುಂದೆ ಇಟ್ಟಿತು. ಊರೂರಲ್ಲಿ ಕುಳಿತವರು ಬಿಡುವಿನಲ್ಲಿ ಹತ್ತು, ಇಪ್ಪತ್ತು ಹೆಸರು ತಿದ್ದಿಕೊಟ್ಟರು. ಹೀಗೆ ಹುಟ್ಟಿದ 'ಪುಸ್ತಕ ಸಂಚಯ'ದಲ್ಲಿ ಕನ್ನಡದಲ್ಲೇ ಹುಡುಕಬಹುದಾಯಿತು. ಒಂದೇ ಒಂದು ಹೊಸ ಪುಟವನ್ನೂ ಸ್ಕ್ಯಾನ್ ಮಾಡಲಿಲ್ಲ, ಇದ್ದ ಪುಸ್ತಕಕ್ಕೆ ಅದರ ಹೆಸರನ್ನು ವಾಪಸು ಕೊಟ್ಟರು ಅಷ್ಟೆ. ಆದರೆ ಓದುಗನ ಪಾಲಿಗೆ ಸಾವಿರಾರು ಪುಸ್ತಕ ಹೊಸದಾಗಿ ಬಂದಂತಾಯಿತು.

ಆಮೇಲೆ ಆದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2017ರ ಹೊತ್ತಿಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ತಾಣ ಮುಚ್ಚಿಹೋಯಿತು. ಕೃತಿಸ್ವಾಮ್ಯದ ತಕರಾರು ಕಾರಣ. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಇರುತ್ತದೆ. ಸ್ಕ್ಯಾನ್ ಮಾಡುವಾಗ ಹಕ್ಕು ಮುಗಿದದ್ದು, ಮುಗಿಯದ್ದು ಎರಡೂ ಒಳಗೆ ಬಂದಿದ್ದವು. ತಕರಾರು ಇದ್ದದ್ದು ಕೆಲವಕ್ಕೆ, ಬಾಗಿಲು ಬಿದ್ದದ್ದು ಎಲ್ಲಕ್ಕೂ. ಹದಿನಾಲ್ಕು ವರ್ಷ ಜನ ತಮ್ಮ ಲೇಖನ, ಪ್ರಬಂಧಗಳಲ್ಲಿ ಕೊಟ್ಟಿದ್ದ ಕೊಂಡಿಗಳೆಲ್ಲ ಒಮ್ಮೆಗೇ ಸತ್ತವು.

ಪುಸ್ತಕಗಳು ಮಾತ್ರ ಸಾಯಲಿಲ್ಲ. ಯಾಕೆ? ತಾಣ ಇನ್ನೂ ಇದ್ದಾಗಲೇ ಅಮೆರಿಕಾದ ಕಾರ್ಲ್ ಮಲಮುಡ್ ಎಂಬುವರು ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಇಳಿಸಿಕೊಂಡು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದರು. ಇಂದು ನೀವು ಅಲ್ಲಿ ಹಳೆಯ ಕನ್ನಡ ಪುಸ್ತಕ ಓದುತ್ತಿದ್ದರೆ ಬಹುಮಟ್ಟಿಗೆ ಅದು ಈ ನಕಲಿನಿಂದ. 2019ರಿಂದ ಬೆಂಗಳೂರಿನಲ್ಲೇ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಹೆಸರಿನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡುವ ಕೆಲಸವೂ ನಡೆದು ಅದೇ ಭಂಡಾರಕ್ಕೆ ಸೇರಿದೆ. ಹಾಗಂತ ಅಲ್ಲಿಟ್ಟು ನಿಶ್ಚಿಂತೆಯಾಗಿ ಮಲಗುವ ಹಾಗೂ ಇಲ್ಲ. 2024ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ದಾಳಿಯಾಗಿ ದಿನಗಟ್ಟಲೆ ಅದು ತೆರೆಯಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಗೂ ಇದೇ ಗತಿಯಾಗಿತ್ತು. ಎಷ್ಟೇ ದೊಡ್ಡ ಕಣಜವಾದರೂ ಒಂದೇ ಕಣಜ ಒಂದೇ.

ಮತ್ತೆ ನಮ್ಮ ನಾಲ್ಕು ತಾಲೂಕಿಗೆ

ರೈಸ್ ಸಂಪುಟಗಳ ಮುಂದಿನ ಕತೆ ಏನಾಯಿತು? ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಮತ್ತು ಬೆಂಗಳೂರಿನ ಮಿಥಿಕ್ ಸೊಸೈಟಿ ಸೇರಿ 2005ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಸಿಡಿ ರೂಪದಲ್ಲಿ ತಂದವು. ಆಗ ಸಿಡಿ ಅಂದರೆ ಶಾಶ್ವತ ಅನ್ನುವ ನಂಬಿಕೆ. ಈಗ ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ತೂರಿಸಲು ಸಂದೇ ಇರುವುದಿಲ್ಲ! 1905ರ ಪುಸ್ತಕ ತೆರೆಯಲು ಎರಡು ಕೈ ಸಾಕು, 2005ರ ಸಿಡಿ ತೆರೆಯಲು ಹಳೆಯ ಯಂತ್ರ ಹುಡುಕಬೇಕು.

ಇನ್ನೊಂದು ಕಡೆ ಕಲ್ಲುಗಳೇ ಮಾಯವಾಗತೊಡಗಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ನೆಲದ ಬೆಲೆ ಏನಾಯಿತು ಅಂತ ನಾನು ಹೇಳಬೇಕಾಗಿಲ್ಲ. ಲೇಔಟು, ರಸ್ತೆ, ಕೆರೆ ಏರಿಯ ರಿಪೇರಿ, ದೇವಸ್ಥಾನದ ಜೀರ್ಣೋದ್ಧಾರ. ಇಷ್ಟರ ನಡುವೆ ಹೊಲದ ಬದುವಿನಲ್ಲಿ ಒರಗಿ ನಿಂತ ಒಂದು ಕಲ್ಲಿಗೆ ಯಾರು ದಿಕ್ಕು?

ದಿಕ್ಕಾದವರು ಇದ್ದಾರೆ ಅನ್ನುವುದೇ ಸಮಾಧಾನ. ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ಬೆಂಗಳೂರಿನ ಶಾಸನ ಕಲ್ಲುಗಳನ್ನು ಹುಡುಕಿ ಉಳಿಸುವ ನಾಗರಿಕ ಪ್ರಯತ್ನವನ್ನು 2017ರಲ್ಲಿ ಶುರುಮಾಡಿ, ರೈಸ್ ಸಂಪುಟ ಕೈಯಲ್ಲಿ ಹಿಡಿದು ಒಂದೊಂದೇ ನಂಬರಿನ ಜಾಡು ಹಿಡಿದು ಹೋದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಹೊರಬಂದ ಕಲ್ಲು, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಶಾಸನ, ಸುದ್ದಿಯಾದದ್ದು ನೆನಪಿರಬಹುದು. ಅದೂ ನಮ್ಮ ಮಣ್ಣೆಯ ಶ್ರೀಪುರುಷನ ಕಾಲದ್ದೇ. 2021ರ ಜನವರಿಯಲ್ಲಿ ಮಿಥಿಕ್ ಸೊಸೈಟಿ ಇದನ್ನು ದೊಡ್ಡ ಯೋಜನೆಯಾಗಿ ಕೈಗೆತ್ತಿಕೊಂಡಿತು: ಬೆಂಗಳೂರು ನಗರ, ಗ್ರಾಮಾಂತರ ಸೀಮೆಯ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಇದರಲ್ಲಿ ಮೂಡುತ್ತದೆ, ಬೆಳಕು ಯಾವ ಕಡೆಯಿಂದ ಬೇಕೋ ಆ ಕಡೆಯಿಂದ ಬೀಳಿಸಿ ಓದಬಹುದು. ಹೀಗೆ ಸಿಕ್ಕ ಅಕ್ಷರಗಳನ್ನು ಬಿಡಿಸಿ 'ಅಕ್ಷರ ಭಂಡಾರ' ಎಂಬ ತಂತ್ರಾಂಶವನ್ನೂ ಮಾಡಿದರು. ಯಾವ ಶತಮಾನದಲ್ಲಿ 'ಕ' ಹೇಗಿತ್ತು ಅಂತ ಶಾಲೆಯ ಮಕ್ಕಳೂ ನೋಡಬಹುದು.

ಗಮನಿಸಿ, ಕಳೆದುಹೋದ ಕಲ್ಲು ಯಾವುದು, ಉಳಿದ ಕಲ್ಲು ಯಾವುದು ಅಂತ ಇವರಿಗೆ ಗೊತ್ತಾದದ್ದು ಹೇಗೆ? 1905ರ ಪಟ್ಟಿ ಇದ್ದದ್ದರಿಂದ. ಪಟ್ಟಿಯೇ ಇಲ್ಲದಿದ್ದರೆ ಕಳೆದದ್ದೂ ಗೊತ್ತಾಗುತ್ತಿರಲಿಲ್ಲ.

ಆದರೂ ಒಂದು ತೊಡಕು ಉಳಿದಿದೆ. ರೈಸ್ ಕಾಲದ ಬೆಂಗಳೂರು ಜಿಲ್ಲೆ 1986ರ ಆಗಸ್ಟಿನಲ್ಲಿ ನಗರ, ಗ್ರಾಮಾಂತರ ಅಂತ ಎರಡಾಯಿತು. 2007ರಲ್ಲಿ ಗ್ರಾಮಾಂತರದಿಂದ ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ ಬೇರೆಯಾಗಿ, ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಅಂತಲೇ ಬರೆಯಬೇಕೆಂದಾಯಿತು. ಇಂಗ್ಲಿಷಿನಲ್ಲಿ ಡಾಡ್‌ಬಳ್ಳಾಪುರ್ ಅಂತಿದ್ದದ್ದು ದೊಡ್ಡಬಳ್ಳಾಪುರವಾಯಿತು, ದೇವನ್‌ಹಳ್ಳಿ ದೇವನಹಳ್ಳಿಯಾಯಿತು. 'ಬೆಂಗಳೂರು ಗ್ರಾಮಾಂತರ' ಅಂತ ಹುಡುಕುವ ಇಂದಿನ ವಿದ್ಯಾರ್ಥಿಗೆ ತನ್ನ ಊರಿನ ಬಗ್ಗೆ ಇರುವ ಅತಿ ಮುಖ್ಯ ಪುಸ್ತಕವೇ ಸಿಗುವುದಿಲ್ಲ, ಯಾಕೆಂದರೆ ಅದರ ಮೇಲೆ ಆ ಹೆಸರೇ ಇಲ್ಲ. ಇದನ್ನು ಯಾವ ಸ್ಕ್ಯಾನರೂ ಸರಿಮಾಡುವುದಿಲ್ಲ. ಊರು ಗೊತ್ತಿರುವ ಒಬ್ಬ ಮನುಷ್ಯ ಕುಳಿತು, ಹಳೆಯ ಹೆಸರಿನ ಪಕ್ಕ ಹೊಸ ಹೆಸರು ಬರೆಯಬೇಕು.

2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಆಮೇಲೆ 'ಅರಿವು ಕೇಂದ್ರ' ಎಂಬ ಹೆಸರು ಪಡೆದವು. ಹಲವು ಕಡೆ ಗಣಕವೂ ಬಂದಿದೆ. ನನಗೆ ಅನ್ನಿಸುವುದು ಇಷ್ಟೆ. ಆ ಪಂಚಾಯಿತಿಯ ವ್ಯಾಪ್ತಿಗೆ ಬರುವ ಹಳ್ಳಿಗಳ ಶಾಸನಗಳ ಒಂದು ಪಟ್ಟಿ ಅಲ್ಲಿ ಇರಲಿ: ರೈಸ್ ಕೊಟ್ಟ ನಂಬರು, ಊರಿನ ಅಂದಿನ ಹೆಸರು, ಇಂದಿನ ಹೆಸರು, ಕಲ್ಲು ಈಗ ಎಲ್ಲಿದೆ ಅಥವಾ ಇಲ್ಲ. ಎಲ್ಲ ಕನ್ನಡದಲ್ಲಿ, ಯೂನಿಕೋಡಿನಲ್ಲಿ. ಗಣಕದಲ್ಲಿ ಒಂದು, ಕಾಗದದಲ್ಲಿ ಒಂದು, ಪಕ್ಕದ ಶಾಲೆಯಲ್ಲಿ ಒಂದು ಪ್ರತಿ. ಇದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ, ಒಬ್ಬ ಮೇಷ್ಟ್ರು, ನಾಲ್ಕು ಜನ ಹೈಸ್ಕೂಲು ಹುಡುಗರು, ಎರಡು ಭಾನುವಾರ ಸಾಕು.

ಹಾಗೆ ಬರೆದಿಟ್ಟರೆ ನಾಳೆ ಯಾವ ತಾಣ ಮುಚ್ಚಿದರೂ, ಜಿಲ್ಲೆ ಇನ್ನೆಷ್ಟು ಹೋಳಾದರೂ, ಮಣ್ಣೆಯ ಮಗುವೊಂದು ನೆಲಮಂಗಲ 61 ಅಂತ ಕೇಳಿದರೆ ತೋರಿಸಲು ಊರಲ್ಲೇ ಒಂದು ಪುಟ ಇರುತ್ತದೆ. ನಿಮ್ಮ ಊರಿನ ಕಲ್ಲಿಗೂ ಒಂದು ನಂಬರು ಇರಬಹುದು, ಒಮ್ಮೆ ಒಂಬತ್ತನೇ ಸಂಪುಟ ತೆಗೆದು ನೋಡಿ.